ಸಾವಿತ್ರೆವ್ವನ ರೈಲಿನ ಆಟ

ಲಕ್ಷ್ಮೇಶ್ವರದ ಪೇಟೆಯಲ್ಲಿ ಶೇಂಗಾ, ಮೆಣಸಿನಕಾಯಿ ವ್ಯಾಪಾರ ಮಾಡುವ ವಿರೂಪಾಕ್ಷಪ್ಪನ ಹೆಂಡತಿ ಸಾವಿತ್ರೆವ್ವ ಮಧ್ಯಾಹ್ನ ಎಲ್ಲರ ಊಟ ಮುಗಿಸಿ, ಒಲೆಕಟ್ಟೆ ಒರೆಸಿ, ಟೀವಿಯ ಮುಂದೆ ಕೂತು ವಿಡಿಯೋ ಗೇಮ್ ಆಡುತ್ತಾಳೆ ಎಂಬುದು ಓಣಿಗೆಲ್ಲ ಗೊತ್ತಿದ್ದ ಸಂಗತಿ. ಮೊದಲ ಒಂದೆರಡು ವರ್ಷ ಹೆಂಗಸರು ಆಡಿಕೊಂಡರು. ಆಮೇಲೆ ಅದಕ್ಕಿಂತ ರುಚಿಯಾದ ಸುದ್ದಿಗಳು ಬಂದವು, ಇದನ್ನು ಬಿಟ್ಟರು. ಆಕೆ ಮಾತ್ರ ಆಟ ಬಿಡಲಿಲ್ಲ.

ಅದು ಶುರುವಾದದ್ದು ಮಗ ವೀರುವಿನ ಕಾಮಾಲೆಯಿಂದ. ಹುಡುಗ ಆಗ ಆರನೇ ಇಯತ್ತೆ. ಬಿಸಿಲಿಗೆ ಬಿಡಬೇಡಿ, ಓಡಾಡಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಹಾಸಿಗೆಯಲ್ಲಿ ಬಿದ್ದ ಸೋದರಳಿಯನನ್ನು ನೋಡಲು ಮುಂಡರಗಿಯಿಂದ ಬಂದ ಸಾವಿತ್ರೆವ್ವನ ತಮ್ಮ ಹುಬ್ಬಳ್ಳಿಯಲ್ಲಿ ಯಾರೋ ಮಾರಿದ ಹಳೆಯ ಗೇಮ್ ಯಂತ್ರವೊಂದನ್ನು ಹಿಡಿದುಕೊಂಡು ಬಂದ. ಬೂದು ಬಣ್ಣದ ಡಬ್ಬಿ, ಎರಡು ಕಂಟ್ರೋಲರು, ನಾಲ್ಕು ಡಿಸ್ಕು. ವೀರುವಿಗೆ ಒಬ್ಬನೇ ಆಡಲು ಬೇಸರ. ಓಣಿಯ ಗೆಳೆಯರಿಗೆ ಕಾಮಾಲೆ ಅಂಟುತ್ತದೆ ಎಂದು ಅವರ ಮನೆಯವರು ಕಳಿಸಲಿಲ್ಲ. ಹೀಗಾಗಿ ತಾಯಿಯ ಕೈಗೆ ಎರಡನೆಯ ಕಂಟ್ರೋಲರು ಬಂತು.

ಮೂರು ಡಿಸ್ಕುಗಳಲ್ಲಿ ಗುದ್ದಾಟ, ಕಾರಿನ ಓಟ. ಅವು ಆಕೆಗೆ ಹಿಡಿಸಲಿಲ್ಲ. ನಾಲ್ಕನೆಯದರ ಮೇಲೆ ಯಾವುದೋ ದೇಶದ ಲಿಪಿ. ಆಟದ ಹೆಸರೇನೆಂದು ಆ ಮನೆಯಲ್ಲಿ ಯಾರಿಗೂ ಕೊನೆಯವರೆಗೆ ತಿಳಿಯಲಿಲ್ಲ. ರೈಲಿನ ಆಟ ಎಂದೇ ಕರೆದರು. ಪರದೆಯ ಮೇಲ್ತುದಿಯಿಂದ ಗೂಡ್ಸ್ ಗಾಡಿ ಬರುತ್ತದೆ. ಡಬ್ಬಿಗಳಿಗೆ ಕೆಂಪು, ನೀಲಿ, ಹಳದಿ ಬಣ್ಣ. ಕೆಳಗೆ ಅದೇ ಬಣ್ಣದ ಗೋದಾಮುಗಳು. ನಡುವೆ ಹಳಿಗಳು ಕವಲೊಡೆಯುತ್ತವೆ. ಬಾಣದ ಗುಂಡಿಯಿಂದ ಕವಲನ್ನು ಆರಿಸಿ, ವೃತ್ತದ ಚಿತ್ರವಿದ್ದ ಗುಂಡಿಯನ್ನೊತ್ತಿ ಹಳಿ ತಿರುಗಿಸಬೇಕು. ಪ್ರತಿಯೊಂದು ಡಬ್ಬಿಯೂ ತನ್ನ ಗೋದಾಮಿಗೇ ಹೋಗಬೇಕು. ಒಂದು ಸ್ಟೇಷನ್ ಮುಗಿಸಿದರೆ ಮುಂದಿನ ಸ್ಟೇಷನ್. ಅಲ್ಲಿ ಗಾಡಿಯ ವೇಗ ಇನ್ನಷ್ಟು ಜಾಸ್ತಿ.

ವೀರುವಿನ ಕಣ್ಣಿನ ಹಳದಿ ಇಳಿಯಿತು, ಅವನು ಶಾಲೆಗೆ ಹೋದ, ಕ್ರಿಕೆಟ್ ಹಿಡಿದ. ಯಂತ್ರವನ್ನು ಮರೆತ. ಸಾವಿತ್ರೆವ್ವ ಮರೆಯಲಿಲ್ಲ. ಆಗ ಆ ಮನೆಯಲ್ಲಿ ಹನ್ನೊಂದು ಜನ. ಬೆಳಿಗ್ಗೆ ರೊಟ್ಟಿಯ ಸಪ್ಪಳದಿಂದ ಶುರುವಾದರೆ ಮಧ್ಯಾಹ್ನ ಎರಡಕ್ಕೆ ಒಂದಿಷ್ಟು ಬಿಡುವು. ಉಳಿದವರು ಮಲಗುತ್ತಿದ್ದರು. ಆಕೆ ಟೀವಿಯ ಧ್ವನಿ ಸಣ್ಣದು ಮಾಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಡಚಿದ ಕಾಲ ಮೇಲೆ ಕಂಟ್ರೋಲರು ಇಟ್ಟುಕೊಂಡು ಕೂರುತ್ತಿದ್ದಳು.

ನೆಗೆಣ್ಣಿ ಸುಮಿತ್ರವ್ವ ಒಮ್ಮೆ ಬಾಗಿಲಲ್ಲಿ ನಿಂತು ಅಂದಳು: “ಮಗನ ಆಟಿಗಿ ಸಾಮಾನ ಹಿಡಕೊಂಡು ಕುಂತೀಯಲ್ಲ ಸಾವಿತ್ರಿ, ಮಾವನವರು ನೋಡಿದ್ರ ಏನಂದಾರು?”

ಮಾವ ನೋಡಿಯೇ ಇದ್ದರು. ಒಂದು ದಿನ ನೀರು ಕುಡಿಯಲು ಎದ್ದು ಬಂದವರು ಆಕೆಯ ಬೆನ್ನ ಹಿಂದೆ ಬಹಳ ಹೊತ್ತು ನಿಂತಿದ್ದರು. ಸಾವಿತ್ರೆವ್ವ ಗಾಬರಿಯಾಗಿ ಸೆರಗು ಸರಿ ಮಾಡಿಕೊಂಡು ಎದ್ದಳು. ಅವರು ಕೇಳಿದ್ದು ಒಂದೇ ಮಾತು: “ಮಾಲು ಬ್ಯಾರೆ ಬ್ಯಾರೆ ಗ್ವಾದಾಮಿಗೆ ಕಳಸೂದೇನು?”

“ಹೌದ್ರಿ.”

“ಹೂಂ. ಆಡು,” ಎಂದು ಲೋಟ ಇಟ್ಟು ಒಳಗೆ ಹೋದರು. ಅವರು ಜೀವವಿದ್ದಷ್ಟು ಕಾಲ ಮತ್ತೆ ಯಾರೂ ಅದರ ಬಗ್ಗೆ ಮಾತೆತ್ತಲಿಲ್ಲ.

ವರ್ಷಗಳು ಹೋದವು. ಮಾವ ತೀರಿಕೊಂಡರು, ಮನೆ ಪಾಲಾಯಿತು, ಸುಮಿತ್ರವ್ವನ ಸಂಸಾರ ಪಕ್ಕದ ಓಣಿಗೆ ಹೋಯಿತು. ವೀರು ಅಂಗಡಿಯಲ್ಲಿ ತಂದೆಯ ಜೊತೆ ಗಲ್ಲಾಪೆಟ್ಟಿಗೆಗೆ ಕೂತ. ಸಾವಿತ್ರೆವ್ವ ಆಟದಲ್ಲಿ ಹತ್ತೊಂಬತ್ತನೆಯ ಸ್ಟೇಷನ್‌ವರೆಗೆ ಹೋದಳು. ಅದರ ಮುಂದೆ ಏನಿದೆ ಎಂಬುದು ಗೊತ್ತಾಗಲಿಲ್ಲ, ಅಲ್ಲಿ ಗಾಡಿ ಕಣ್ಣಿಗೆ ನಿಲ್ಲುತ್ತಿರಲಿಲ್ಲ.

ಯಂತ್ರಕ್ಕೂ ವಯಸ್ಸಾಯಿತು. ಒಂದು ಹಂತದಲ್ಲಿ ಡಿಸ್ಕ್ ಓದುವುದನ್ನು ಬಿಟ್ಟಿತು. ಮಗುಚಿ, ತಲೆಕೆಳಗಾಗಿ ಇಟ್ಟರೆ ಓದುತ್ತದೆ ಎಂದು ಆಕೆಯೇ ಕಂಡುಕೊಂಡಳು. ಹಾಗೆ ಮಗುಚಿಕೊಂಡೇ ಅದು ಇನ್ನೂ ಕೆಲವು ವರ್ಷ ನಡೆಯಿತು. ವೀರುವಿಗೆ ಮದುವೆಯಾಗಿ ಗದಗಿನಿಂದ ಕಾಂಚನಾ ಸೊಸೆಯಾಗಿ ಬಂದಾಗಲೂ ನಡೆಯುತ್ತಿತ್ತು.

ಕಾಂಚನಾ ಬಿ.ಕಾಂ. ಓದಿದವಳು, ಬಂದ ಮರುವರ್ಷವೇ ಅಂಗಡಿಯ ಜಿಎಸ್‌ಟಿ ಲೆಕ್ಕವನ್ನೆಲ್ಲ ತಾನೇ ನೋಡಿಕೊಳ್ಳತೊಡಗಿದಳು. ಮೊದಲ ಸಲ ಅತ್ತೆ ಆಡುವುದನ್ನು ಕಂಡಾಗ ಅವಳು ಪಕ್ಕದಲ್ಲಿ ಬಂದು ಕೂತಿದ್ದಳು. ಸಾವಿತ್ರೆವ್ವ ಟೀವಿ ಆರಿಸಿ, “ಚಾ ಇಡ್ತೀಯೇನು?” ಅಂದಿದ್ದಳು. ಮಗನ ಹೊಸ ಹೆಂಡತಿಯ ಎದುರು ಯಾಕೋ ನಾಚಿಕೆಯಾಗಿತ್ತು. ಕಾಂಚನಾ ಚಹಾ ಇಟ್ಟಳು. ಮತ್ತೆ ಆ ಹೊತ್ತಿನಲ್ಲಿ ಪಡಸಾಲೆಗೆ ಬರಲಿಲ್ಲ. ಅತ್ತೆ ಸೊಸೆ ಜಗಳವಾಡಿದವರಲ್ಲ. ಒಬ್ಬರ ದಾರಿಗೆ ಒಬ್ಬರು ಅಡ್ಡ ಬರದೆ, ನೆಂಟರ ಮನೆಯಲ್ಲಿ ಉಳಿದುಕೊಂಡವರ ಹಾಗೆ ಇದ್ದರು.

ಹೋದ ವರ್ಷದ ಬೇಸಿಗೆಯಲ್ಲಿ ಯಂತ್ರ ಪೂರ್ತಿ ನಿಂತಿತು. ಮಗುಚಿದರೂ ಇಲ್ಲ, ಪಕ್ಕಕ್ಕೆ ವಾಲಿಸಿದರೂ ಇಲ್ಲ. ಒಳಗೆ ಡಿಸ್ಕ್ ತಿರುಗುವ ಸದ್ದು ಬರುತ್ತಿತ್ತು, ಪರದೆ ಕಪ್ಪಗೇ ಉಳಿಯುತ್ತಿತ್ತು. ಸಾವಿತ್ರೆವ್ವ ಯಾರಿಗೂ ಹೇಳಲಿಲ್ಲ. ವೈರು ಸುತ್ತಿ, ಎಲ್ಲವನ್ನೂ ಒಂದು ಕೈಚೀಲಕ್ಕೆ ಹಾಕಿ ಟ್ರೆಝರಿ ಎನ್ನುವ ಕಬ್ಬಿಣದ ಕಪಾಟಿನ ಕೆಳಗಿನ ಖಾನೆಯಲ್ಲಿ ಇಟ್ಟಳು.

ಅಲ್ಲಿಂದ ಮಧ್ಯಾಹ್ನಗಳು ಉದ್ದವಾದವು. ಧಾರಾವಾಹಿ ನೋಡಲು ಪ್ರಯತ್ನಿಸಿದಳು. ಯಾರು ಯಾರ ಮಗಳೆಂದು ನೆನಪಿಡುವಷ್ಟು ಆಸಕ್ತಿ ಬರಲಿಲ್ಲ. ಮಲಗಿದರೆ ರಾತ್ರಿ ನಿದ್ದೆ ಇಲ್ಲ. ಕೊನೆಗೆ ಅಡುಗೆಮನೆಗೆ ಹೋಗಿ ಡಬ್ಬಿಗಳನ್ನು ಒಂದೊಂದಾಗಿ ಬಿಚ್ಚಿ ನೋಡತೊಡಗಿದಳು. ಕಾಂಚನಾ ಜೋಡಿಸಿಟ್ಟ ಬೇಳೆಯ ಡಬ್ಬಿ ಸಾಲನ್ನು ಬದಲಿಸಿದಳು. ಸ್ವಚ್ಛವಾಗಿದ್ದ ಜೋಳವನ್ನು ಮತ್ತೆ ಮೊರಕ್ಕೆ ಹಾಕಿ ಹಸನು ಮಾಡಿದಳು. ಸೊಸೆ ಸಂಜೆ ಜೀರಿಗೆ ಹುಡುಕಿದರೆ ಅದು ಇದ್ದ ಜಾಗದಲ್ಲಿ ಸಾಸಿವೆ ಇರುತ್ತಿತ್ತು. ಕಾಂಚನಾ ಡಬ್ಬಿಗಳನ್ನು ತಿರುಗಿ ಮೊದಲಿನ ಜಾಗಕ್ಕೆ ಇಟ್ಟಳು. ಆಗಿನ ಅವಳ ಮುಖವನ್ನು ಸಾವಿತ್ರೆವ್ವ ನೋಡಿದಳು.

ಹೀಗೆ ವರ್ಷ ತುಂಬುವ ಹೊತ್ತಿಗೆ ಒಂದು ದಿನ ಟ್ರೆಝರಿ ತೆಗೆದರೆ ಕೈಚೀಲ ಇರಲಿಲ್ಲ. ಸಂಜೆ ಕಾಂಚನಾ ಪೇಟೆಯಿಂದ ಅದೇ ಚೀಲ ಹಿಡಿದುಕೊಂಡು ಬಂದಳು.

“ಅದನ್ನ ಯಾರು ಒಯ್ಯಿ ಅಂದ್ರು ನಿನಗ?” ಎಂದು ಸಾವಿತ್ರೆವ್ವ ಕೇಳಿದಳು. ಧ್ವನಿ ಏರಿಸಲಿಲ್ಲ.

“ಯಾರೂ ಅನ್ಲಿಲ್ರಿ ಅತ್ತಿ. ಶಫೀಕನ ಅಂಗಡಿಗೆ ಒಯ್ದಿದ್ದೆ, ರಿಪೇರಿ ಆದೀತೇನಂತ.”

ಶಫೀಕ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರು, ಮೊಬೈಲು ದುರಸ್ತಿ ಮಾಡುವವನು. ಅಂಗಡಿಯ ಕಂಪ್ಯೂಟರಿಗೆ ಏನಾದರೂ ಆದರೆ ಅವನೇ ಬರುತ್ತಿದ್ದ.

“ಏನಂದ?”

“ಇದರ ಕಣ್ಣು ಹೋಗೈತಂತ. ಡಿಸ್ಕ್ ಓದೋ ಕಣ್ಣು. ಈಗ ಅದು ಎಲ್ಲೂ ಸಿಗೂದಿಲ್ಲಂತ.” ಕಾಂಚನಾ ಚೀಲವನ್ನು ಕೆಳಗಿಟ್ಟಳು. “ಆದ್ರ ಕಂಪ್ಯೂಟರಿನ್ಯಾಗ ಆಡಬಹುದಂತ್ರಿ. ಎಮ್ಯುಲೇಟರ್ ಅಂತ ಬರತೈತಿ. ಅದನ್ನ ಹಾಕಿದ್ರ ಕಂಪ್ಯೂಟರು ತಾನ ಈ ಡಬ್ಬಿ ಅಂತ ತಿಳಕೊಂತೈತಿ. ಡಿಸ್ಕು ನಮ್ಮದ, ಆಟ ಅದ. ಅಂಗಡಿಯ ಹಳೇ ಕಂಪ್ಯೂಟರು ಹೆಂಗೂ ಮ್ಯಾಲ ಖೋಲ್ಯಾಗ ಧೂಳು ತಿನ್ನಾಕತ್ತೈತಿ.”

“ನಿನಗ್ಯಾಕ ಬೇಕು ಈ ಉಸಾಬರಿ?”

ಕಾಂಚನಾ ಅಂದಳು, “ಖರೆ ಹೇಳ್ಲೇನ್ರಿ? ನನ್ನ ಡಬ್ಬಿಗೋಳು ಇದ್ದ ಜಾಗಾದಾಗ ಇರಲಿ ಅಂತ.”

ಸಾವಿತ್ರೆವ್ವನಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಇಷ್ಟು ವರ್ಷಗಳಲ್ಲಿ ಸೊಸೆ ಆಡಿದ ಮೊದಲ ನೇರ ಮಾತು ಅದೇ ಎಂದು ಅನ್ನಿಸಿತು. “ಆತು, ನೋಡು ಮತ್ತ,” ಅಂದಳು.

ಕಂಪ್ಯೂಟರು ಕೆಳಗೆ ಬಂತು. ಕಾಂಚನಾ ಅದರ ಧೂಳು ಒರೆಸಿ, ಡಿಸ್ಕಿನಲ್ಲಿದ್ದ ಆಟವನ್ನು ಒಳಗೆ ಇಳಿಸಿಕೊಂಡಳು. ಎಮ್ಯುಲೇಟರ್ ಹಾಕಿದಳು. ಪರದೆಯ ಮೇಲೆ ಆ ಗುರುತಿಲ್ಲದ ಅಕ್ಷರಗಳೂ ಆ ಸಂಗೀತವೂ ಬಂದಾಗ ಸಾವಿತ್ರೆವ್ವ ಒಗ್ಗರಣೆ ಬಿಟ್ಟು ಎದ್ದು ಬಂದಳು.

ಕೀಬೋರ್ಡಿನ ಮೇಲೆ ಆಡಿ ಎಂದು ಕಾಂಚನಾ ಹೇಳಿದಳು. ಆಕೆ ಎರಡು ದಿನ ಪ್ರಯತ್ನಿಸಿದಳು. ಟೈಪಿಂಗ್ ಕಲಿಯದ ಕೈಗೆ ಆ ಗುಂಡಿಗಳೆಲ್ಲ ಒಂದೇ. ಬೆರಳು ಹುಡುಕುವಷ್ಟರಲ್ಲಿ ಕೆಂಪು ಡಬ್ಬಿ ನೀಲಿ ಗೋದಾಮಿಗೆ ಹೋಗಿರುತ್ತಿತ್ತು. “ನನ್ನ ಕಂಟ್ರೋಲರು ಬೇಕು,” ಎಂದಳು. ಹಳೆಯ ಕಂಟ್ರೋಲರಿನ ಮೂತಿ ಅಗಲ, ಕಂಪ್ಯೂಟರಿನ ತೂತು ಸಣ್ಣದು. ಶಫೀಕ ನಡುವೆ ಜೋಡಿಸುವ ಒಂದು ತುಂಡನ್ನು ಗದಗಿನಿಂದ ತರಿಸಿಕೊಟ್ಟ.

ತುಂಡು ಸಿಕ್ಕಿಸಿದ್ದೇ ತಡ, ಕಂಪ್ಯೂಟರು ಟಿಂಗ್ ಎಂದು ಕಂಟ್ರೋಲರು ಸಿಕ್ಕಿತೆಂದು ತೋರಿಸಿತು. ಆದರೆ ಆಟದಲ್ಲಿ ಯಾವ ಗುಂಡಿ ಒತ್ತಿದರೂ ಏನೂ ಆಗಲಿಲ್ಲ. ಯಾವ ಗುಂಡಿ ಯಾವ ಕೆಲಸ ಮಾಡಬೇಕೆಂದು ಎಮ್ಯುಲೇಟರಿಗೆ ಒಂದೊಂದಾಗಿ ಕಲಿಸಬೇಕು ಎಂದು ಕಾಂಚನಾ ವಿವರಿಸಿದಳು. ಪರದೆಯ ಮೇಲೆ ಕಂಟ್ರೋಲರಿನ ಚಿತ್ರ. ಅದರ ಎಡಬಾಣವನ್ನು ಇವಳು ಮೌಸಿನಿಂದ ಒತ್ತಿದರೆ ಅದು ಕಾಯುತ್ತದೆ. ಆಗ ಅತ್ತೆ ಕೈಯಲ್ಲಿರುವ ಎಡಬಾಣವನ್ನು ಒತ್ತಬೇಕು.

“ಎಡಕ್ಕ ಒತ್ತರಿ.”

“ಇನ್ನೂ ಒತ್ತೇ ಇಲ್ಲ, ಆಗಲೇ ಏನೋ ಬರಕೊಂತಲ್ಲ?”

ನಿಜ. ಆಕೆಯ ಬೆರಳು ಮುಟ್ಟುವ ಮೊದಲೇ ಪರದೆಯ ಮೇಲೆ ಏನೋ ಒಂದು ಹೆಸರು ಮೂಡಿತು. ಬಲಬಾಣಕ್ಕೂ ಅದೇ. ಮೇಲಕ್ಕೂ ಅದೇ. ಎಲ್ಲ ಗುಂಡಿಗಳಿಗೂ ಒಂದೇ ಹೆಸರು ಕೂತಿತು. ಕಾಂಚನಾ ಅಳಿಸಿದಳು, ಮತ್ತೆ ಮಾಡಿದಳು. ಮತ್ತೆ ಹಾಗೇ. ಮೂರನೆಯ ದಿನ ಮಧ್ಯಾಹ್ನ ಅವಳು ಫೋನಿನಲ್ಲಿ ಯಾವುದೋ ವೀಡಿಯೋ ನೋಡುತ್ತಾ, ಕಂಟ್ರೋಲರಿನಲ್ಲಿ ತಾನಾಗಿಯೇ ಏನಾದರೂ ಒತ್ತಿಕೊಂಡಿದೆಯೇ ಎಂದು ತಿರುಗಿಸಿ ನೋಡಿದಳು.

“ಅತ್ತಿ, ಈ ಅಣಬಿಯಂಥ ಗುಂಡಿ ನೋಡ್ರಿ. ಎಡಗಡೇದು ಒಂಚೂರು ವಾಲೈತಿ.”

ಕೆಳಗಡೆ ಹೆಬ್ಬೆರಳಿಗೆ ಸಿಗುವ ಎರಡು ಗುಂಡು ಹಿಡಿಕೆಗಳಿದ್ದವು. ಸಾವಿತ್ರೆವ್ವ ಅವನ್ನು ಎಂದೂ ಬಳಸಿದವಳಲ್ಲ. ಟ್ರೆಝರಿಯ ಖಾನೆಯಲ್ಲಿ ವರ್ಷಪೂರ್ತಿ ಯಾವುದರ ಕೆಳಗೋ ಅದುಮಿಕೊಂಡು ಬಿದ್ದಿದ್ದಕ್ಕೆ ಎಡಗಡೆಯದು ಒಂದು ಕೂದಲಿನಷ್ಟು ವಾಲಿ ನಿಂತಿತ್ತು. ಯಾರೋ ಸದಾ ಅದನ್ನು ಒತ್ತಿಕೊಂಡೇ ಇದ್ದಾರೆ ಎಂದು ಕಂಪ್ಯೂಟರು ತಿಳಿದಿತ್ತು.

“ಅವನ್ನ ನಾ ಮುಟ್ಟೇ ಇಲ್ಲ,” ಅಂದಳು ಸಾವಿತ್ರೆವ್ವ. ಆಮೇಲೆ ನೆನಪಾಗಿ, “ಈ ಕೆಂಪು ದೀಪಾ ಯಾಕ ಹತ್ತೈತಿ? ನಾ ಆಡುವಾಗ ಎಂದೂ ಹತ್ತಿದ್ದಿಲ್ಲ.”

ನಡುವಿನ ಸಣ್ಣ ಗುಂಡಿಯನ್ನು ಒತ್ತಿದರೆ ದೀಪ ಆರಿತು. ದೀಪ ಆರಿದ್ದೇ ಆ ಎರಡು ಹಿಡಿಕೆಗಳು ಸತ್ತಂತಾದವು, ಕಂಪ್ಯೂಟರು ಸುಮ್ಮನೆ ಕಾಯತೊಡಗಿತು. ಅಂದು ಎಲ್ಲ ಗುಂಡಿಗಳೂ ತಮ್ಮ ತಮ್ಮ ಜಾಗಕ್ಕೆ ಕೂತವು. ಆದರೂ ಕಾಂಚನಾಳಿಗೆ ಪೂರ್ತಿ ನಂಬಿಕೆ ಬರಲಿಲ್ಲ. ವೀಡಿಯೋದಲ್ಲಿ ಹೇಳಿದ್ದಾರೆಂದು ಇನ್ನೊಂದು ಸಣ್ಣ ಪ್ರೋಗ್ರಾಮನ್ನೂ ಹಾಕಿದಳು; ಅದು ಹಳೆಯ ಕಂಟ್ರೋಲರನ್ನು ಹೊಸ ಬಗೆಯದೆಂದು ಕಂಪ್ಯೂಟರಿಗೆ ಪರಿಚಯಿಸುತ್ತದಂತೆ.

ಮರುದಿನ ಸಾವಿತ್ರೆವ್ವ ಆಡಲು ಕೂತಳು. ಎಡಬಾಣ ಒತ್ತಿದರೆ ಆಯ್ಕೆಯ ಗುರುತು ಒಂದು ಕವಲನ್ನು ದಾಟಿ ಎರಡನೆಯದಕ್ಕೆ ಹೋಗುತ್ತಿತ್ತು. ವೃತ್ತದ ಗುಂಡಿ ಒತ್ತಿದರೆ ಹಳಿ ತಿರುಗಲೇ ಇಲ್ಲ. ಮೊದಲನೆಯ ಸ್ಟೇಷನ್ನಿನಲ್ಲಿಯೇ ಎಲ್ಲ ಡಬ್ಬಿಗಳೂ ಅಡ್ಡಾದಿಡ್ಡಿಯಾದವು.

ಕಾಂಚನಾ ಬಂದು ನೋಡಿದಳು. “ಆ ಗುಂಡಿ ಹಾಳಾಗಿರಬೇಕ್ರಿ. ಇಪ್ಪತ್ತು ವರ್ಷದ್ದು.”

“ಹಾಳಾಗಿಲ್ಲ. ಸಪ್ಪಳಾ ಕೇಳು,” ಎಂದು ಸಾವಿತ್ರೆವ್ವ ಒತ್ತಿದಳು. ಹಳಿ ತಿರುಗುವಾಗ ಆಟದಲ್ಲಿ ಟಕ್ ಎಂಬ ಸದ್ದು ಬರುತ್ತದೆ. ಈಗ ಟಕಟಕ್ ಎಂದಿತು. “ಮೊದಲ ಒಂದ ಸಲ ಬರತಿತ್ತು. ಈಗ ಎರಡು ಸಲ ಕೇಳಸ್ತೈತಿ.”

ಕಾಂಚನಾ ಕಣ್ಣು ಮುಚ್ಚಿ ಆಲಿಸಿದಳು. ಮತ್ತೊಮ್ಮೆ ಒತ್ತಿಸಿದಳು. ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದ ಹಾಗೆ; ಹಳಿ ತಿರುಗುತ್ತದೆ, ಆ ಕ್ಷಣವೇ ವಾಪಸು ಬರುತ್ತದೆ. ನೋಡುವ ಕಣ್ಣಿಗೆ ಏನೂ ಆಗಿರುವುದಿಲ್ಲ. ಅವಳು ಸೆಟ್ಟಿಂಗ್ ತೆರೆದು ನೋಡಿದಾಗ ಪ್ರತಿಯೊಂದು ಗುಂಡಿಯ ಎದುರು ಎರಡೆರಡು ಹೆಸರುಗಳಿದ್ದವು: ಒಂದು ಕಂಟ್ರೋಲರಿನದು, ಇನ್ನೊಂದು ಅವಳೇ ಹಾಕಿದ ಪ್ರೋಗ್ರಾಮು ಹುಟ್ಟಿಸಿದ ಹೊಸ ಕಂಟ್ರೋಲರಿನದು. ಒಂದೇ ಬೆರಳು ಎರಡು ಬಾಗಿಲಿನಿಂದ ಒಳಗೆ ಬರುತ್ತಿತ್ತು.

“ಇದು ನನ್ನ ತಪ್ಪು,” ಎಂದಳು ಕಾಂಚನಾ. ಪ್ರೋಗ್ರಾಮನ್ನು ತೆಗೆದುಹಾಕಿದಳು. ಎರಡನೆಯ ಹೆಸರುಗಳನ್ನೆಲ್ಲ ಅಳಿಸಿದಳು. ಟಕ್ ಎಂದು ಒಂದೇ ಸದ್ದು ಬಂತು.

ಅಲ್ಲಿಂದ ಒಂದು ವಾರ ಕಂಪ್ಯೂಟರಿನ ಸಣ್ಣ ಪರದೆಯ ಮೇಲೆ ಆಟ ನಡೆಯಿತು. ಆ ಪರದೆ ಸಣ್ಣದು, ಕುರ್ಚಿಯ ಮೇಲೆ ಕೂರಬೇಕು, ಸಾವಿತ್ರೆವ್ವನ ಸೊಂಟ ಹಿಡಿಯುತ್ತಿತ್ತು. ನೆಲದ ಮೇಲೆ ಕೂತು ಟೀವಿಯಲ್ಲಿ ಆಡುವುದೇ ಆಕೆಗೆ ರೂಢಿ. ವೀರು ಒಂದು ಉದ್ದನೆಯ ಕೇಬಲ್ ತಂದು ಕಂಪ್ಯೂಟರನ್ನು ಪಡಸಾಲೆಯ ದೊಡ್ಡ ಟೀವಿಗೆ ಜೋಡಿಸಿದ. ಚಿತ್ರ ಬಹಳ ಚೆನ್ನಾಗಿ ಬಂತು. ಆದರೆ ಆಕೆ ಐದನೆಯ ಸ್ಟೇಷನ್ ದಾಟಲಿಲ್ಲ.

“ಇದು ಸರಿ ಇಲ್ಲ,” ಅಂದಳು.

“ಈಗೇನಾತವ್ವಾ?” ಎಂದ ವೀರು. ಅವನು ಅಂಗಡಿಗೆ ಹೊರಟಿದ್ದ.

“ನಾ ಒತ್ತೀನಿ, ಅದು ಆಮ್ಯಾಲ ಕೇಳತೈತಿ. ಮುದುಕ ಗುಮಾಸ್ತನ ಹಂಗ.”

ವೀರು ಕಂಟ್ರೋಲರು ತೆಗೆದುಕೊಂಡು ಎರಡು ಸಲ ಒತ್ತಿ ನೋಡಿ, “ಕೂಡ್ಲೇ ಬರಾಕತ್ತೈತಲ್ಲವ್ವಾ, ನಿನಗ ಹಂಗ ಅನಸ್ತೈತಿ,” ಎಂದು ಹೋದ. ಕಾಂಚನಾ ಕೂಡ ಒತ್ತಿ ನೋಡಿದಳು. ಅವಳಿಗೂ ವ್ಯತ್ಯಾಸ ತಿಳಿಯಲಿಲ್ಲ. ಆದರೆ ಟಕಟಕ್ ಸದ್ದು ತನಗೆ ಕೇಳಿಸದೆ ಹೋದದ್ದು ನೆನಪಿತ್ತು. ಕಂಪ್ಯೂಟರಿನ ಸಣ್ಣ ಪರದೆಯನ್ನು ತಂದು ಟೀವಿಯ ಪಕ್ಕದ ಸ್ಟೂಲಿನ ಮೇಲೆ ಇಟ್ಟು, ಎರಡರಲ್ಲೂ ಒಂದೇ ಚಿತ್ರ ಬರುವ ಹಾಗೆ ಮಾಡಿದಳು. ಇಬ್ಬರೂ ಎದುರು ಕೂತು ನೋಡಿದರು. ಅದೇ ಗಾಡಿ, ಅದೇ ಹಳದಿ ಡಬ್ಬಿ. ಸಣ್ಣ ಪರದೆಯಲ್ಲಿ ಗಾಡಿಯ ಮೂತಿ ಕವಲನ್ನು ಮುಟ್ಟಿದ ಮೇಲೆ, ಒಂದು ರೆಪ್ಪೆ ಬಡಿಯುವಷ್ಟು ತಡವಾಗಿ, ಟೀವಿಯ ಗಾಡಿ ಮುಟ್ಟುತ್ತಿತ್ತು.

“ಅಯ್ಯ, ಹೌದಲ್ರಿ,” ಎಂದಳು ಕಾಂಚನಾ.

ಶಫೀಕನಿಗೆ ಫೋನು ಹೋಯಿತು. ಅವನು ಗಿರಾಕಿಗಳ ನಡುವೆಯೇ ಹೇಳಿದ: “ಅಕ್ಕಾರ, ಈಗಿನ ಟೀವಿ ಚಿತ್ರಾನ ಚಂದ ಮಾಡಿ ತೋರ್ಸಾಕ ಹೋಗ್ತಾವ್ರಿ. ಬಣ್ಣಾ ತಿದ್ದತಾವು, ಗೆರಿ ತಿದ್ದತಾವು, ಅದಕ್ಕ ಟೈಮ್ ಹಿಡಿತೈತಿ. ಸಿನೆಮಾ ನೋಡಾಕ ಅಡ್ಡಿ ಇಲ್ಲ, ಆಟಕ್ಕ ಆಗೂದಿಲ್ಲ. ಸೆಟ್ಟಿಂಗಿನ್ಯಾಗ ಗೇಮ್ ಮೋಡ್ ಅಂತ ಐತಿ ನೋಡ್ರಿ, ಅದನ್ನ ಚಾಲೂ ಮಾಡ್ರಿ.”

ಹುಡುಕಿ ಚಾಲೂ ಮಾಡಿದರು. ಬಣ್ಣ ತುಸು ಪೇಲವವಾಯಿತು. ಎರಡು ಗಾಡಿಗಳೂ ಒಟ್ಟಿಗೆ ಓಡಿದವು. ಸಾವಿತ್ರೆವ್ವ ಸೆರಗು ಸಿಕ್ಕಿಸಿ ನೆಲದ ಮೇಲೆ ಕೂತಳು. ಕಾಂಚನಾ ಎದ್ದು ಹೋಗಲು ಹೊರಟವಳು, ಅತ್ತೆ ಟೀವಿ ಆರಿಸದೇ ಇದ್ದದ್ದನ್ನು ನೋಡಿ ಬಾಗಿಲ ಹತ್ತಿರ ನಿಂತಳು. ಸಾವಿತ್ರೆವ್ವ ತಿರುಗಿ ನೋಡದೆ, “ಕುಂಡ್ರು, ನಿಂತ್ಯಾಕ?” ಅಂದಳು.

ಅಂದು ಹತ್ತನೆಯ ಸ್ಟೇಷನ್ ದಾಟಿತು. ಆ ವಾರದಲ್ಲಿ ಹನ್ನೆರಡಾಯಿತು, ಒಮ್ಮೆ ಹದಿಮೂರು. ಅಲ್ಲಿಂದ ಮುಂದೆ ಹೋಗಲಿಲ್ಲ. ಒಂದು ವರ್ಷ ಕೈ ಬಿಟ್ಟಿದೆ, ರೂಢಿಯಾದರೆ ಬಂದೀತು ಎಂದುಕೊಂಡಳು. ಮಳೆಗಾಲ ಕಳೆಯಿತು. ಹೊಸ ಶೇಂಗಾ ಪೇಟೆಗೆ ಬಂತು. ಹದಿಮೂರು ಹದಿಮೂರಾಗಿಯೇ ಉಳಿಯಿತು.

“ಕಾಂಚನಾ, ಆ ಟೀವಿದು ಮತ್ತ ಏನೋ ಆಗೇತಿ ನೋಡು.”

ಕಾಂಚನಾ ಸಣ್ಣ ಪರದೆಯನ್ನು ಮತ್ತೆ ಪಕ್ಕದಲ್ಲಿಟ್ಟು ನೋಡಿದಳು. ಎರಡೂ ಗಾಡಿಗಳು ಜೊತೆಯಾಗಿಯೇ ಇದ್ದವು. ಗುಂಡಿಗಳ ಹೆಸರುಗಳನ್ನು ನೋಡಿದಳು, ಒಂದೊಂದೇ ಇದ್ದವು. ಕೆಂಪು ದೀಪ ಆರಿಯೇ ಇತ್ತು. ಕಂಟ್ರೋಲರಿನ ಸ್ಕ್ರೂ ಬಿಚ್ಚಿ ಒಳಗಿನ ರಬ್ಬರನ್ನೂ ಒರೆಸಿದಳು. ಮತ್ತೆ ಜೋಡಿಸಿಕೊಟ್ಟಳು. ಅತ್ತೆ ಆಡಿ ನೋಡುವಾಗ ಆಕೆಯ ಕೈಯನ್ನೇ ಗಮನಿಸಿದಳು.

ಅದರ ಮರುದಿನವೇ ಇರಬೇಕು, ಹದಿಮೂರನೆಯ ಸ್ಟೇಷನ್ನಿನಲ್ಲಿ ಸಾವಿತ್ರೆವ್ವ ಪರದೆ ಬಿಟ್ಟು ತನ್ನ ಬಲಗೈ ಹೆಬ್ಬೆರಳನ್ನು ನೋಡಿದಳು. ಹಳದಿ ಬರುತ್ತಿದೆ ಎಂಬುದು ಆಕೆಗೆ ಮೊದಲೇ ಗೊತ್ತಾಗಿತ್ತು. ಕಣ್ಣು ಹೇಳಿತ್ತು. ಒತ್ತಬೇಕು ಎಂದೂ ಅಂದುಕೊಂಡಿದ್ದಳು. ಹೆಬ್ಬೆರಳು ಆ ಮಾತನ್ನು ಕೇಳಿಸಿಕೊಂಡು, ತುಸು ತಡೆದು ಇಳಿಯಿತು. ಆ ಹೊತ್ತಿಗೆ ಡಬ್ಬಿ ಕೆಂಪು ಗೋದಾಮಿಗೆ ನುಗ್ಗಿತ್ತು. ಮತ್ತೊಂದು ಸಲ ನೋಡಿದಳು. ಹಾಗೇ. ವೈರಿನಲ್ಲೂ ಕಂಪ್ಯೂಟರಿನಲ್ಲೂ ಹುಡುಕುತ್ತಿದ್ದ ತಡ ಅಲ್ಲಿತ್ತು. ಆಕೆಗೆ ಅರವತ್ತೆರಡು ನಡೆಯುತ್ತಿತ್ತು. ದುಃಖವೇನೂ ಆಗಲಿಲ್ಲ, ಬಾಗಿಲು ಯಾಕೆ ಮುಚ್ಚುತ್ತಿಲ್ಲ ಎಂದು ನೋಡಿದರೆ ಸಂದಿಯಲ್ಲಿ ತನ್ನದೇ ಚಪ್ಪಲಿ ಸಿಕ್ಕಾಗ ಆಗುವಂಥದ್ದೇನೋ ಆಯಿತು. ಕಂಟ್ರೋಲರು ಕೆಳಗಿಟ್ಟು ಹೋಗಿ ಚಹಾಕ್ಕೆ ಇಟ್ಟಳು.

ಸೊಸೆಗೆ ಅದನ್ನು ಹೇಳಲಿಲ್ಲ. ಸೊಸೆಗೆ ಹೇಳುವ ಅಗತ್ಯವೂ ಇರಲಿಲ್ಲ. ಎರಡು ಮೂರು ದಿನ ಬಿಟ್ಟು ಕಾಂಚನಾ ಲೆಕ್ಕದ ಕೆಲಸ ಮುಗಿಸಿ ಏಳುವಾಗ ಅಂದಳು: “ಅತ್ತಿ, ಎಮ್ಯುಲೇಟರಿನ್ಯಾಗ ಒಂದು ಐತ್ರಿ. ಆಟದ ವೇಗ ಕಡಿಮಿ ಮಾಡಾಕ ಬರತೈತಿ. ಬೇಕಾದಷ್ಟ. ಹಳೇ ಡಬ್ಬಿಯೊಳಗ ಅದು ಇದ್ದಿದ್ದಿಲ್ಲ.”

“ಅದ್ಯಾಕ?”

“ಸುಮ್ನ ಹೇಳಿದೆ. ಬೇಕನ್ಸಿದ್ರ.”

ಸಾವಿತ್ರೆವ್ವ ಕಂಟ್ರೋಲರಿನ ವೈರನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ಎಷ್ಟು ಕಡಿಮಿ?”

“ಒಂದೀಟು. ನೂರಕ್ಕ ಎಂಬತ್ತೈದು ಮಾಡಿ ನೋಡೂಣೇನ್ರಿ?”

“ಮಾಡು.”

ವೇಗ ಇಳಿಯಿತು. ಗಾಡಿ ಮೆಲ್ಲನೆ ಬಂತು, ಅದರ ಜೊತೆಗೆ ಸಂಗೀತವೂ ಮೆಲ್ಲಗಾಗಿ, ನೆಗಡಿಯಾದವರು ಹಾಡಿದಂತೆ ಕೇಳಿಸಿತು. ಅದಕ್ಕೆ ಹೊಂದಿಕೊಳ್ಳಲು ಆಕೆಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಹೆಬ್ಬೆರಳು ಸರಿಯಾದ ವೇಳೆಗೆ ಇಳಿಯತೊಡಗಿತು. ಹದಿಮೂರು ದಾಟಿತು. ಹದಿನಾರು ದಾಟಿತು. ಕಾಂಚನಾ ಕೈಯಲ್ಲಿದ್ದ ಒಣ ಬಟ್ಟೆಗಳನ್ನು ಮಡಚುವುದನ್ನು ಬಿಟ್ಟು ನೋಡುತ್ತಿದ್ದಳು. ಹತ್ತೊಂಬತ್ತರಲ್ಲಿ ಒಂದು ನೀಲಿ ಡಬ್ಬಿ ತಪ್ಪಿತು. ಒಂದೆರಡು ತಪ್ಪನ್ನು ಆಟ ಮನ್ನಿಸುತ್ತದೆ. ಕೊನೆಯ ಡಬ್ಬಿ ಗೋದಾಮು ಸೇರಿತು.

ಇಪ್ಪತ್ತನೆಯ ಸ್ಟೇಷನ್ನಿನಲ್ಲಿ ಸಮುದ್ರವಿತ್ತು. ಹಳಿಗಳು ಒಂದು ಸೇತುವೆಯ ಮೇಲಿದ್ದವು, ಕೆಳಗೆಲ್ಲ ನೀಲಿ, ಅದರ ಮೇಲೆ ಬಿಳಿ ಗೀರುಗಳು ಹಿಂದಕ್ಕೂ ಮುಂದಕ್ಕೂ ಸರಿಯುತ್ತಿದ್ದವು. ಒಂದು ಮೂಲೆಯಲ್ಲಿ ಸಣ್ಣ ಹಡಗು. ಸಾವಿತ್ರೆವ್ವ ಅದನ್ನು ನೋಡುತ್ತಾ ಗುಂಡಿ ಒತ್ತುವುದನ್ನು ಮರೆತಳು. ಡಬ್ಬಿಗಳು ತಮಗೆ ಕಂಡ ಕಡೆ ಹೋದವು, ಆಟ ಮುಗಿಯಿತು.

“ಸಮುದ್ರ ಐತಲ್ರಿ ಇಲ್ಲಿ,” ಎಂದಳು ಕಾಂಚನಾ.

“ಹೂಂ.”

“ಮತ್ತೊಮ್ಮೆ ಹೋಗ್ತೀರೇನು?”

“ಇವತ್ತ ಸಾಕು.”

ಮರುದಿನ ಕೂತವಳೇ ಸೊಸೆಯನ್ನು ಕರೆದಳು. “ಅದನ್ನ ಮೊದಲಿನಂಗ ಮಾಡು. ಪೂರಾ ವೇಗಕ್ಕ.”

“ಯಾಕ್ರಿ, ನಿನ್ನೆ ಅಷ್ಟು ಚಂದ ಆಡಿದ್ರಿ?”

“ನೋಡೂದು ನೋಡಿದೆ. ಇನ್ನ ಆಡೂಣು. ಆ ಹಾಡು ಕೇಳಾಕ ಆಗೂದಿಲ್ಲ ನನಗ.”

ಕಾಂಚನಾ ನೂರಕ್ಕೆ ನೂರು ಮಾಡಿಟ್ಟಳು. ಅಂದು ಹನ್ನೊಂದನೆಯ ಸ್ಟೇಷನ್ನಿನಲ್ಲಿಯೇ ಮುಗಿಯಿತು. ಸಾವಿತ್ರೆವ್ವ ಮತ್ತೆ ಮೊದಲಿನಿಂದ ಶುರು ಮಾಡಿದಳು.

ಈಗ ಆ ಮನೆಯಲ್ಲಿ ಮಧ್ಯಾಹ್ನದ ತನಕ ಕಂಪ್ಯೂಟರು ಕಾಂಚನಾಳದು. ಅಂಗಡಿಯ ಬಿಲ್ಲುಗಳ ಕೆಲಸ ಅದರಲ್ಲಿಯೇ ನಡೆಯುತ್ತದೆ. ಎರಡರ ಮೇಲೆ ಅದು ಅತ್ತೆಯದು. ಕಂಪ್ಯೂಟರು ಶುರುವಾಗುವಾಗ ಕಂಟ್ರೋಲರಿನ ದೀಪ ಒಮ್ಮೊಮ್ಮೆ ತಾನಾಗಿಯೇ ಹತ್ತಿಕೊಳ್ಳುತ್ತದೆ. ಸಾವಿತ್ರೆವ್ವ ಯಾರನ್ನೂ ಕರೆಯದೆ ಸಣ್ಣ ಗುಂಡಿಯೊತ್ತಿ ಆರಿಸುತ್ತಾಳೆ. ಯಾರಾದರೂ ಕ್ರಿಕೆಟ್ ನೋಡಿ ಟೀವಿಯ ಸೆಟ್ಟಿಂಗ್ ಬದಲಿಸಿದ್ದರೆ ಅದನ್ನೂ ಸರಿ ಮಾಡಿಕೊಳ್ಳುತ್ತಾಳೆ. ಸುಮಿತ್ರವ್ವ ಬಂದರೆ ಸೋಫಾದ ಮೇಲೆ ಕೂತು ತನ್ನ ಮೊಣಕಾಲಿನ ಕತೆ ಹೇಳುತ್ತಾಳೆ. ಇವಳು ಆಡುತ್ತಲೇ ಹೂಂ ಎನ್ನುತ್ತಾಳೆ. ಕಾಂಚನಾ ಒಮ್ಮೊಮ್ಮೆ ಒಂದು ಕೈ ನೋಡುವುದುಂಟು. ಅವಳ ಗಾಡಿ ನಾಲ್ಕನೆಯ ಸ್ಟೇಷನ್ನಿಗೆ ಹಳಿ ತಪ್ಪುತ್ತದೆ.

“ಒಂದ ಡಬ್ಬಿ ನೋಡಬ್ಯಾಡ. ಅದರ ಹಿಂದಿಂದು ನೋಡು,” ಎಂದು ಸಾವಿತ್ರೆವ್ವ ಹೇಳುತ್ತಾಳೆ.

“ಹಿಂದಿಂದು ನೋಡಿದ್ರ ಮುಂದಿಂದು ತಪ್ಪತೈತ್ರಿ.”

“ಮೊದಲ ಹಂಗ. ಆಮ್ಯಾಲ ಬರತೈತಿ.”

ಮೊನ್ನೆ ದೀಪಾವಳಿಯ ಮರುವಾರ ಪೇಟೆಗೆ ಬಿಡುವಿತ್ತು. ವಿರೂಪಾಕ್ಷಪ್ಪ ನಾಲ್ಕಕ್ಕೇ ಮನೆಗೆ ಬಂದ. ಹೆಂಡತಿ ಕಾಲು ನೀಡಿ ಟೀವಿಯ ಮುಂದೆ ಕೂತಿದ್ದಳು, ಪರದೆಯ ಮೇಲೆ ಆಟ ಮುಗಿದ ಅಕ್ಷರಗಳಿದ್ದವು. ಪೇಟ ತೆಗೆದು ಗೂಟಕ್ಕೆ ಹಾಕುತ್ತಾ ಅವನು, “ಎಲ್ಲೀತನಕ ಹೋತು ಇವತ್ತ?” ಎಂದು ಕೇಳಿದ.

“ಹದಿನಾಲ್ಕು.”

“ಚಾ ಐತೇನು?”

“ಕಾಂಚನಾ ಇಟ್ಟಾಳ, ಬರತೈತಿ. ಕಾಲು ತೊಳಕೋರಿ,” ಎಂದು ಸಾವಿತ್ರೆವ್ವ ವೃತ್ತದ ಗುಂಡಿಯನ್ನೊತ್ತಿದಳು. ಮೊದಲನೆಯ ಸ್ಟೇಷನ್ನಿನ ಗಾಡಿ ಮೇಲಿನಿಂದ ಬರತೊಡಗಿತು.